ಗಂಗಮ್ಮ ಬಿಟ್ಟುಕೊಟ್ಟ ಬೋಣಿ

"ಮೊದ್ಲು ಅವಳ ತಾವ ತಗಳಿ, ಆಮೇಲೆ ನನ್ ತಾವ ಬನ್ನಿ" ಎಂದು ಗಂಗಮ್ಮ ಕೊಬ್ಬರಿಗೆಂದು ತನ್ನ ಹತ್ತಿರ ಬಂದ ಮದುವೆ ಮನೆಯವರಿಗೆ ನನ್ನ ಕಡೆ ಕೈ ತೋರಿಸಿದಳು. ತಿಪಟೂರಿನ ಸಂತೆಯಲ್ಲಿ ನಾವಿಬ್ಬರೂ ಎದುರುಬದುರು ಕೂತು ಕೊಬ್ಬರಿ ಮಾರುವವರು. ಗಿರಾಕಿ ವಿಷಯಕ್ಕೆ ಜಗಳವಾಡಿ ಮಾತು ಬಿಟ್ಟು ವರ್ಷಗಳಾಗಿದ್ದವು.

ಗಂಡ ಸತ್ತ ಮೇಲೆ ನಾನು ಸಂತೆಗೆ ಬಂದ ಮೊದಲ ದಿನ ಅದು. ಶುಭಕಾರ್ಯದ ಕೊಬ್ಬರಿಯನ್ನು ವಿಧವೆಯ ಕೈಯಿಂದ ಯಾರು ತಗೊಳ್ಳುತ್ತಾರೆ? ಹಳೇ ಗಿರಾಕಿಗಳೂ ಮುಖ ತಿರುಗಿಸಿ ಹೋಗಿದ್ದರು. ಇನ್ನು ಈ ವ್ಯಾಪಾರ ಮುಗಿಯಿತು ಎಂದುಕೊಂಡು ಚೀಲ ಕಟ್ಟುತ್ತಿದ್ದೆ. ಗಂಗಮ್ಮ ಆಗಷ್ಟೇ ಬಂದು ಕೂತಿದ್ದಳು, ಅವಳಿಗೂ ಬೋಣಿ ಆಗಿರಲಿಲ್ಲ. ದಿನದ ಮೊದಲ ಗಿರಾಕಿಯನ್ನು ಸಂತೆಯಲ್ಲಿ ಯಾರೂ ಇನ್ನೊಬ್ಬರಿಗೆ ಬಿಟ್ಟುಕೊಡುವುದಿಲ್ಲ.

ಮದುವೆ ಮನೆಯ ಹೆಂಗಸು ಹಿಂದೆಮುಂದೆ ನೋಡಿದಳು. ಗಂಗಮ್ಮ ರೇಗಿದಳು. "ಗಂಡ ಸತ್ತಿರಾದು ಅವಳಿಗೆ, ಕೊಬ್ಬರಿಗಲ್ಲ ಕಣವ್ವ. ನನ್ ಬೋಣಿನೇ ಬುಟ್ಟು ಕಳಿಸ್ತಿದೀನಿ, ನಿಂಗೇನು ಕಷ್ಟ?"

ಆ ಹೆಂಗಸು ನನ್ನ ಹತ್ತಿರ ತಗೊಂಡಳು. ಅವಳು ತಗೊಂಡಿದ್ದು ನೋಡಿ ಬೇರೆಯವರೂ ಬಂದರು.

ಜಗಳ ಈಗಲೂ ನಿಂತಿಲ್ಲ, ಜಾಗದ ವಿಷಯಕ್ಕೆ ಮೊನ್ನೆಯೂ ಬೈದಾಡಿಕೊಂಡೆವು. ಆದರೆ ಗಂಗಮ್ಮ ಬರುವುದು ತಡವಾದರೆ ಅವಳ ಗಿರಾಕಿಗಳಿಗೆ ನಾನು ಕೊಬ್ಬರಿ ಮಾರುವುದಿಲ್ಲ. "ಬತ್ತಾಳೆ, ಕೂತ್ಕಳಿ" ಎಂದು ನನ್ನ ಚೀಲದ ಮೇಲೆಯೇ ಕೂರಿಸುತ್ತೇನೆ.