ಜಾಹೀರಾತಿಲ್ಲದ ಮಧ್ಯಾಹ್ನಗಳು

ಪರ್ತ್‌ಗೆ ಬಂದ ಹೊಸತರಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿನ ದುಡ್ಡು ಕೊಡಲು ನಾನು ಬಸ್‌ಸ್ಟಾಪಿನಿಂದ ಅಂಗಡಿಗೆ ವಾಪಸ್ಸು ನಡೆದುಹೋಗಿದ್ದೆ. ನಾವೇ ಬಿಲ್ ಮಾಡಿಕೊಳ್ಳುವ ಯಂತ್ರದಲ್ಲಿ ಅದೊಂದು ದಾಖಲಾಗದೆ ಚೀಲದ ತಳದಲ್ಲಿ ಒದ್ದೆಯಾಗಿ ಮುದುಡಿಕೊಂಡಿತ್ತು. ಯಾಕೆ ಬಂದೆ ಎಂದು ಕೌಂಟರಿನ ಹುಡುಗಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನನ್ನನ್ನು ಒಂಥರಾ ಕನಿಕರದಿಂದ ನೋಡಿದಳು. ಮನೆಯಲ್ಲಿ ಯಜಮಾನರು, "ನಿಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕೇಳಿದ್ರೆ ಆನಂದಬಾಷ್ಪ ಸುರಿಸ್ತಿದ್ರು ಬಿಡು" ಎಂದು ನಕ್ಕರು. ನಾನೂ ನಕ್ಕೆ. ಒಳಗೊಳಗೇ ಹೆಮ್ಮೆಯೂ ಆಗಿತ್ತು. ಆ ಹೆಮ್ಮೆಯನ್ನು ನೆನೆದರೆ ಈಗ ತಲೆ ತಗ್ಗುತ್ತದೆ.

ಯಾಕೆಂದರೆ ಅದೇ ವರ್ಷ, ಅದೇ ಅಡುಗೆಕಟ್ಟೆಯ ಮೇಲೆ ಉಪ್ಪಿನ ಡಬ್ಬಿಗೆ ಫೋನು ಒರಗಿಸಿಟ್ಟುಕೊಂಡು, ನಾನು ಇನ್ನೊಂದು ಕೆಲಸ ಶುರು ಮಾಡಿದ್ದೆ.

ಮೈಸೂರಿನ ಕಾನ್ವೆಂಟಿನಲ್ಲಿ ಏಳು ವರ್ಷ ನನ್ನ ಪಕ್ಕ ಕೂತ ಗೆಳತಿ ಆಗ ಬೆಂಗಳೂರಿನಲ್ಲಿ ಒಂದು ಮಧ್ಯಾಹ್ನದ ಧಾರಾವಾಹಿಯಲ್ಲಿ ನಟಿಸುತ್ತಿದ್ದಳು. ನಾಯಕಿಯ ಸೋದರತ್ತೆಯ ಪಾತ್ರ. ಮಾತು ಕಡಿಮೆ, ಕಾಫಿ ತಟ್ಟೆ ಹಿಡಿದು ಬಾಗಿಲ ಮರೆಯಲ್ಲಿ ನಿಂತು ಬೇರೆಯವರ ಗುಟ್ಟು ಕೇಳಿಸಿಕೊಳ್ಳುವುದೇ ಜಾಸ್ತಿ. ಆದರೆ ಮಾತಾಡುವ ಮೊದಲು ಸೆರಗಿನ ತುದಿಯನ್ನು ಬೆರಳಿಗೆ ಒಂದು ಸುತ್ತು ಸುತ್ತಿಕೊಳ್ಳುತ್ತಿದ್ದಳು. ಶಾಲೆಯಲ್ಲಿ ಪದ್ಯ ಒಪ್ಪಿಸುವಾಗ ಯೂನಿಫಾರ್ಮಿನ ಬೆಲ್ಟಿನ ತುದಿಗೆ ಹೀಗೇ ಮಾಡುತ್ತಿದ್ದಳು. ಪರದೆಯ ಮೇಲೆ ಮೊದಲ ಸಲ ಅದನ್ನು ಕಂಡಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಚಾನೆಲ್ಲಿನ ಆ್ಯಪ್‌ಗೆ ಚಂದಾ ಕಟ್ಟಿದರೆ ಇಲ್ಲೂ ನೋಡಬಹುದಿತ್ತು. ನಮಗೆ ಅದೊಂದು ದೊಡ್ಡ ಖರ್ಚೂ ಅಲ್ಲ. ಆದರೆ ಯುಗಾದಿ ಊಟದಲ್ಲಿ ಪರಿಚಯವಾದ ಒಬ್ಬರು, "ಅದಕ್ಯಾಕೆ ದುಡ್ಡು ಹಾಕ್ತೀರಿ, ಎಲ್ಲ ಫ್ರೀಯಾಗೇ ಬರುತ್ತಲ್ಲ" ಎಂದು ಫೋನಿಗೆ ಒಂದು ಲಿಂಕ್ ಕಳಿಸಿದರು. ಯಾರೋ, ಎಲ್ಲೋ, ಪ್ರತಿದಿನದ ಕಂತನ್ನು ಕದ್ದು ಅಲ್ಲಿ ಹಾಕುತ್ತಿದ್ದರು. ಕದ್ದು ಎನ್ನುವ ಮಾತು ಆಗ ನನಗೆ ಹೊಳೆಯಲಿಲ್ಲ. ಕೊತ್ತಂಬರಿ ಸೊಪ್ಪು ಕೈಗೆ ಸಿಗುತ್ತದೆ, ಒದ್ದೆಯಾಗಿರುತ್ತದೆ. ಇದು ಹಾಗಿರಲಿಲ್ಲ.

"ನನ್ನ ಕ್ಲಾಸ್‌ಮೇಟು" ಎಂದು ಹೇಳಿಕೊಂಡು ಪರ್ತ್‌ನಲ್ಲಿ ನಾಲ್ಕು ಜನರ ಗ್ರೂಪು ಮಾಡಿ ಕಂತು ಕಳಿಸಿದೆ. ಯಜಮಾನರಿಗೆ ಅಡಿಲೇಡಿನ ಆಸ್ಪತ್ರೆಯಲ್ಲಿ ಕೆಲಸವಾಗಿ ಅಲ್ಲಿನ ಬ್ಲೇರ್ ಅಥಾಲ್ ಬಡಾವಣೆಗೆ ಹೋದಾಗ ಗ್ರೂಪಿಗೆ ಅಲ್ಲಿಯವರು ಸೇರಿದರು. ಅಲ್ಲಿಂದ ಬ್ರಿಸ್ಬೇನಿಗೆ, ಈ ಫಾರೆಸ್ಟ್ ಲೇಕ್‌ಗೆ ಬಂದ ಮೇಲೆ ಇಲ್ಲಿಯವರೂ. ಹೊಸ ಊರಿನಲ್ಲಿ ಯಾರನ್ನಾದರೂ ಮಾತಾಡಿಸಲು ನನ್ನ ಬಳಿ ಇದ್ದ ವಿಷಯ ಅದೊಂದೇ ಎಂದರೂ ಸರಿ. ಬೆಳಿಗ್ಗೆ ಎಲ್ಲರನ್ನೂ ಹೊರಡಿಸಿ, ಟೀ ಹಿಡಿದು ಕೂತು, ಫೋನಿನಲ್ಲೇ ಹಿಂದಿನ ದಿನದ ಕಂತಿನ ಮೊದಲ ಟೈಟಲ್ಲು, ನಡುನಡುವಿನ ಜಾಹೀರಾತು ಎಲ್ಲ ಬೆರಳಿನಿಂದ ಕತ್ತರಿಸಿ ತೆಗೆಯುತ್ತಿದ್ದೆ, ಹುರುಳಿಕಾಯಿ ನಾರು ಬಿಡಿಸಿದ ಹಾಗೆ. ಮಧ್ಯಾಹ್ನದ ಧಾರಾವಾಹಿಯನ್ನು ಮಧ್ಯಾಹ್ನವೇ ನೋಡಬೇಕು ಎಂಬ ಶಿಸ್ತು ಬೇರೆ ನನಗೆ. ಹನ್ನೆರಡು ಹೊಡೆದ ಮೇಲೆಯೇ ಕಳಿಸುತ್ತಿದ್ದೆ.

"ಅಕ್ಕ, ಒಂದೂ ಆ್ಯಡ್ ಇಲ್ಲ, ಬೆಣ್ಣೆ ಥರ ಹೋಗುತ್ತೆ" ಎಂದು ಒಬ್ಬಳು ಬರೆಯುತ್ತಿದ್ದಳು. "ಆಂಟಿ, ಇವತ್ತಿನ್ದು ಇನ್ನೂ ಬಂದಿಲ್ಲ, ಹುಷಾರಾಗಿದೀರಾ?" ಎಂದು ಇನ್ನೊಬ್ಬಳು. ಮನೆಗೆ ಬಂದವರಿಗೆ ಬಡಿಸಿದಷ್ಟೇ ತೃಪ್ತಿ ನನಗೆ.

ಮಗಳು ಒಮ್ಮೆ ಹಿಂದೆ ನಿಂತು ಇಣುಕಿ, "ಅಮ್ಮಾ, ಯು ನೋ ದಿಸ್ ಈಸ್ ಸ್ಟೀಲಿಂಗ್, ರೈಟ್?" ಅಂದಳು.

"ಸುಮ್ನಿರೇ, ಇದು ನನ್ ಫ್ರೆಂಡ್ ಸೀರಿಯಲ್ಲು" ಅಂದೆ.

ಹೋದ ಚಳಿಗಾಲದಲ್ಲಿ ಗೆಳತಿಯ ಫೋನು ಬಂತು. ಯಾವಾಗಲೂ ನಗುತ್ತಲೇ ಶುರು ಮಾಡುವವಳು ಅವತ್ತು ನೇರ ವಿಷಯಕ್ಕೆ ಬಂದಳು.

"ಮಧ್ಯಾಹ್ನದ ಸೀರಿಯಲ್ಲೆಲ್ಲ ಒಂದೊಂದಾಗಿ ಎತ್ತಂಗಡಿ ಆಗ್ತಿದೆ ಕಣೇ. ಹೆಂಗಸ್ರು ಊಟ ಮುಗಿಸ್ಕೊಂಡು ಟಿವಿ ಮುಂದೆ ಕೂರೋ ಕಾಲ ಹೋಯ್ತಂತೆ. ಎಲ್ರೂ ಕೆಲ್ಸಕ್ಕೆ ಹೋಗ್ತಾರೆ, ಇಲ್ಲಾ ಫೋನಲ್ಲಿ ಅರ್ಧ ನಿಮಿಷದ್ದು ಏನಾದ್ರೂ ನೋಡ್ತಾರೆ."

"ನಿಮ್ದೂ ನಿಲ್ಲಿಸ್ತಾರಾ?"

"ತೂಗಾಡ್ತಿದೆ. ಆ್ಯಪಲ್ಲಿ ಹೊರದೇಶದೋರು ಎಷ್ಟು ಜನ ನೋಡ್ತಾರೆ ಅಂತ ಈಗ ಲೆಕ್ಕ ತೆಗೀತಾರಂತೆ. ಅದು ಚೆನ್ನಾಗಿದ್ರೆ ಆ್ಯಪಿಗೋಸ್ಕರನಾದ್ರೂ ಮುಂದುವರಿಸ್ತಾರೆ. ಮೀಟಿಂಗಲ್ಲಿ ನಾನೇ ಎದ್ನಿಂತು ಹೇಳ್ಬಿಟ್ಟೆ, ಆಸ್ಟ್ರೇಲಿಯಾದಲ್ಲಿ ನಮ್ದು ಜೋರಾಗಿ ಓಡ್ತಿದೆ ಸಾರ್, ಮೂರು ಊರಲ್ಲಿ ಅಭಿಮಾನಿಗಳಿದಾರೆ ಅಂತ. ನೀನೇ ಹೇಳ್ತಿರ್ತೀಯಲ್ಲ. ನೀವೆಲ್ಲ ಸೇರಿ ಫೋಟೋ ತೆಗ್ದು ಕಳ್ಸೇ, ತೋರಿಸ್ತೀನಿ." ಆಮೇಲೆ, "ಇದು ಹೋದ್ರೆ ನಂಗೆ ಇನ್ನೊಂದು ಪಾತ್ರ ಯಾರು ಕೊಡ್ತಾರೆ ಹೇಳು? ತಾಯಿ ಪಾತ್ರಕ್ಕೂ ಈಗ ಮೂವತ್ತರ ಹುಡ್ಗೀರ್ನೇ ಹಾಕ್ತಾರೆ" ಅಂದಳು.

ಆಗಲೇ ಹೇಳಬೇಕಿತ್ತು. ನಾವ್ಯಾರೂ ಆ ಆ್ಯಪನ್ನು ತೆರೆದೇ ಇಲ್ಲ ಎಂದು ಒಂದು ಮಾತು. ನನ್ನ ಬಾಯಿಂದ ಬಂದದ್ದು, "ಕಳಿಸ್ತೀನಿ ಕಣೇ, ಎಲ್ರೂ ಸೀರೆ ಉಟ್ಕೊಂಡೇ ತೆಗೀತೀವಿ" ಎಂದು.

ಪರ್ತ್‌ನವರು ಸಿಟಿಯಲ್ಲಿ ಆಫೀಸಿನ ಊಟದ ಬಿಡುವಿನಲ್ಲಿ ಸೇರಿ, ಕೊರಳಲ್ಲಿ ಗುರುತಿನ ಚೀಟಿ ನೇತಾಡಿಸಿಕೊಂಡೇ ತೆಗೆಸಿ ಕಳಿಸಿದರು. ಬ್ಲೇರ್ ಅಥಾಲ್‌ನವರು ಹಿತ್ತಲಲ್ಲಿ, ಬಟ್ಟೆ ಒಣಗಿಸುವ ತಂತಿಯ ಕೆಳಗೆ. ನಮ್ಮದು ಶನಿವಾರ ಮಧ್ಯಾಹ್ನ, ಇಲ್ಲಿಯವರು ಆರ್ವೋ ಎನ್ನುವ ಹೊತ್ತಿನಲ್ಲಿ, ನಮ್ಮ ಮನೆಯ ಹಾಲಿನಲ್ಲಿ.

"ಆಂಟಿ, ನಿಮ್ಮ ಫ್ರೆಂಡೂ ಇರ್ಲಿ ಫೋಟೋದಲ್ಲಿ" ಎಂದು ಒಬ್ಬಳು ಟಿವಿಯಲ್ಲಿ ನಾನು ಕಳಿಸಿದ್ದ ಕಂತು ಹಾಕಿ, ಸರಿಯಾಗಿ ಸೋದರತ್ತೆಯ ಮುಖ ಬಂದಾಗ ನಿಲ್ಲಿಸಿದಳು.

"ಅಯ್ಯೋ, ಕಣ್ಣು ಅರ್ಧ ಮುಚ್ಚಿದೆ ಕಣ್ರೀ, ನಿದ್ದೆಗಣ್ಣಲ್ಲಿದ್ದಂಗಿದೆ!"

"ಮಧ್ಯಾಹ್ನದ ಸೀರಿಯಲ್ಲಲ್ವಾ, ನಿದ್ದೆ ಬರದೆ ಇನ್ನೇನು?"

ಎಲ್ಲರೂ ನಕ್ಕರು. ಫೋಟೋ ತೆಗೆಯುತ್ತಿದ್ದ ಯಜಮಾನರು, "ನಗ್ರಮ್ಮಾ, ಸೊಸೆ ಥರ ಅಳ್ಬೇಡಿ" ಅಂದದ್ದಕ್ಕೆ ಮತ್ತೂ ನಕ್ಕರು. ನಾನು ಮೇಜಿನ ಮೇಲಿನ ಟಿಶ್ಯೂ ಡಬ್ಬ ಎತ್ತಿಟ್ಟೆ, ಒಬ್ಬಳ ಸೆರಗಿನ ಪಿನ್ ಕಾಣದಂತೆ ಮಡಿಕೆ ಸರಿ ಮಾಡಿದೆ, ಓರೆಯಾಗಿದ್ದ ಕುಶನ್ ನೆಟ್ಟಗೆ ಮಾಡಿದೆ. ಸಣ್ಣಪುಟ್ಟದ್ದೆಲ್ಲ ನನ್ನ ಕಣ್ಣಿಗೆ ಬೀಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ.

ಹತ್ತು ದಿನದ ನಂತರ ಗೆಳತಿ ಫೋನು ಮಾಡಿದಳು. ಮೊದಲು ಮಗಳ ಪರೀಕ್ಷೆ ಕೇಳಿದಳು. ಇಲ್ಲಿ ಚಳಿ ಎಷ್ಟಿದೆ ಎಂದು ಕೇಳಿದಳು. ಆಮೇಲೆ ಹೇಳಿದಳು.

"ಲೆಕ್ಕ ಬಂತು ಕಣೇ. ಮ್ಯಾನೇಜರು ಎಲ್ಲರೆದುರಿಗೆ ಓದಿದ್ರು. ಆಸ್ಟ್ರೇಲಿಯಾದಿಂದ ನೋಡೋರು ಬೆರಳೆಣಿಕೆಯಷ್ಟು. ನಾನು ಫೋಟೋ ತೋರಿಸ್ದೆ. 'ಫೋಟೋಗೆ ಬರ್ತಾರೆ ಮೇಡಂ, ನೋಡಕ್ಕೆ ಬರಲ್ಲ' ಅಂದ್ರು. ಲೈಟ್‌ಬಾಯ್‌ವರೆಗೂ ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಬಿಟ್ಟೆ, ಇನ್ನೇನ್ ಮಾಡ್ಲಿ."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ನಿಮ್ಮನೆ ಫೋಟೋದಲ್ಲಿ ಟಿವಿ ಇರೋ ಕಡೆ ಕತ್ತರಿಸ್ಬಿಟ್ಟು ತೋರಿಸ್ದೆ ಕಣೇ" ಅಂದಳು ಮೆಲ್ಲಗೆ. "ನನ್ ಸೆರಗಿನ ಮೇಲೆ ಏನೋ ಬರ್ದಿತ್ತಲ್ಲ, ಅದಕ್ಕೆ. ನಿಂಗೆ ತೊಂದ್ರೆ ಆಗೋದು ಬೇಡ ಅಂತ."

ಫೋನಿಟ್ಟ ಮೇಲೆ ಆ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಅವಳ ಎದೆಯ ಮೇಲೆ ಅಡ್ಡಡ್ಡಲಾಗಿ, ಬಿಳಿಯ ಅಕ್ಷರದಲ್ಲಿ, ಕಂತು ಕದಿಯುವವರ ಹೆಸರು. ಅದರ ಕೆಳಗೆ, ಸೇರಬೇಕಾದರೆ ಇಲ್ಲಿ ಒತ್ತಿ ಎಂಬ ಸಾಲು. ವರ್ಷಗಟ್ಟಲೆ ಪ್ರತಿದಿನ ನನ್ನ ಕಣ್ಣೆದುರಿಗಿದ್ದದ್ದು. ಜಾಹೀರಾತು ತೆಗೆಯುವಾಗಲೂ ಅದು ಅಲ್ಲೇ ಇತ್ತು. ಬೆರಳಿಗೆ ಸುತ್ತಿದ ಸೆರಗನ್ನು ಗುರುತು ಹಿಡಿದವಳಿಗೆ ಅದೇ ಸೆರಗಿನ ಮೇಲಿನ ಮೊಹರು ಕಂಡಿರಲಿಲ್ಲ. ಕೊನೆಗೆ ನನ್ನ ಮಾನ ಉಳಿಸಲು ಅವಳು ಫೋಟೋದಿಂದ ತನ್ನ ಮುಖವನ್ನೇ ಕತ್ತರಿಸಿಕೊಂಡಿದ್ದಳು.

ಮರುದಿನದಿಂದ ಕಂತು ಕಳಿಸುವುದನ್ನು ನಿಲ್ಲಿಸಿದೆ. ಎಲ್ಲರೂ ಆ್ಯಪಿನಲ್ಲೇ ನೋಡೋಣ, ಅದರಲ್ಲಿ ಚಿತ್ರ ಚೆನ್ನಾಗಿ ಕಾಣುತ್ತದೆ ಎಂದು ಗ್ರೂಪಿಗೆ ಬರೆದೆ. ನಿಜವಾದ ಕಾರಣ ಬರೆಯಲಿಲ್ಲ.

"ಆಂಟಿ, ನೀವೇ ಅಭ್ಯಾಸ ಮಾಡ್ಸಿ ಈಗ ನೀವೇ ಕೈ ಬಿಟ್ರೆ ಹೆಂಗೆ?"

"ಅಕ್ಕ ಇವತ್ತು ಮಾರಲ್ ಸೈನ್ಸ್ ಕ್ಲಾಸ್ ತಗೊಂಡ್ರಪ್ಪಾ!"

ಇಬ್ಬರೋ ಮೂವರೋ ಚಂದಾ ಕಟ್ಟಿದರು. ಉಳಿದವರಿಗೆ ಬ್ಲೇರ್ ಅಥಾಲ್‌ನ ಒಬ್ಬಾಕೆ ಕಳಿಸತೊಡಗಿದಳು. ಕತ್ತರಿಸುವುದು ಹೇಗೆಂದು ಅವಳಿಗೆ ಕಲಿಸಿದ್ದವಳೂ ನಾನೇ.

ಧಾರಾವಾಹಿ ನಿಂತಿತು. ನಾವೆಲ್ಲ ಸರಿಯಾಗಿ ನೋಡಿದ್ದರೂ ನಿಲ್ಲುತ್ತಿತ್ತೋ ಏನೋ. ಮಧ್ಯಾಹ್ನದ ಆ ಹೊತ್ತಿಗೆ ಇನ್ನು ಮೇಲೆ ಹಳೆಯ ಧಾರಾವಾಹಿಯೊಂದನ್ನೇ ಮತ್ತೆ ಹಾಕುತ್ತಾರಂತೆ. "ಹಳೇದಕ್ಕಾದ್ರೆ ಮೇಕಪ್ಪೂ ಬೇಡ, ಕಾಫಿನೂ ಬೇಡ ನೋಡು" ಎಂದು ಗೆಳತಿ ಒಂದು ಸಂದೇಶ ಕಳಿಸಿದ್ದಳು. ಬೇರೆಯವರ ಲೆಕ್ಕ ಹೇಗಿತ್ತೋ ನನಗೆ ಗೊತ್ತಿಲ್ಲ. ನಮ್ಮ ಮೂರು ಊರಿನ ಲೆಕ್ಕ ಗೊತ್ತು.

ಕೊನೆಯ ಕಂತನ್ನು ಆ್ಯಪಿನಲ್ಲಿ ನೋಡಿದೆ. ಬಟ್ಟೆ ಸೋಪು, ಸಾಂಬಾರು ಪುಡಿ, ಒಂದನ್ನೂ ದಾಟಿಸದೆ ಕೂತು ನೋಡಿದೆ. ಶುರುವಿನಲ್ಲಿ ಟೈಟಲ್ಲು ಬಂತು. ನಾಯಕಿ, ನಾಯಕ, ಅತ್ತೆ, ಮಾವ ಎಲ್ಲ ಆದ ಮೇಲೆ ಒಂದು ಬಾಗಿಲು ತೆರೆದು, ಗೆಳತಿ ಕಾಫಿ ತಟ್ಟೆ ಹಿಡಿದು ತಿರುಗಿ ನೋಡಿ ನಕ್ಕಳು. ಪಕ್ಕದಲ್ಲಿ ಅವಳ ಹೆಸರು ಬಂತು. ಇಷ್ಟು ವರ್ಷ ನಾನು ಅದನ್ನು ನೋಡಿರಲಿಲ್ಲ. ದಿನವೂ ಮೊದಲು ಕತ್ತರಿಸುತ್ತಿದ್ದದ್ದೇ ಅದನ್ನು.

ಅವತ್ತು ಸಂಜೆ ಗ್ರೂಪಿನಲ್ಲಿ ಎಲ್ಲವನ್ನೂ ಬರೆದೆ. ಫೋಟೋದ ವಿಷಯ, ಮೀಟಿಂಗಿನ ನಗು, ಕತ್ತರಿಸಿದ ಮುಖ. ಎಲ್ಲರೂ ಓದಿದ್ದಾರೆ ಎಂದು ಫೋನು ತೋರಿಸಿತು. ಆಮೇಲೆ ಪರ್ತ್‌ನ ಒಬ್ಬಳು ಕೇಳಿದಳು: "ಆಂಟಿ, ನಮಗೆ ಹೇಳಿದ್ದು ಸರಿ. ಅವರಿಗೆ ಸಾರಿ ಹೇಳಿದ್ರಾ?"

ಹೇಳಿರಲಿಲ್ಲ. ಯಾರ ಕಾಲು ತಗುಲಿದರೂ, ಯಾರ ಚೀಲ ತಾಗಿದರೂ ಸಾರಿ ಎನ್ನುವ ನಾಲಿಗೆ ನನ್ನದು.

ಇಲ್ಲಿ ಆರು ಗಂಟೆಯಾಗಿತ್ತು. ಬೆಂಗಳೂರಿನಲ್ಲಿ ಮಧ್ಯಾಹ್ನ ಒಂದೂವರೆ. ಹಿಂದೆಲ್ಲ ಈ ಹೊತ್ತಿಗೆ ಮಾಡಿದರೆ ಅವಳ ಫೋನು ಮೇಕಪ್ ರೂಮಿನಲ್ಲಿ ಬಡಿದುಕೊಂಡು ಸುಮ್ಮನಾಗುತ್ತಿತ್ತು. ಶೂಟಿಂಗ್ ಮುಗಿಸಿ ಸಂಜೆ ಅವಳೇ ಮಾಡುತ್ತಿದ್ದಳು. ಎತ್ತುವುದಿಲ್ಲ ಎಂಬ ಧೈರ್ಯದ ಮೇಲೆಯೇ ನಾನು ನಂಬರ್ ಒತ್ತಿದ್ದೆನೋ ಏನೋ.

ಮೊದಲ ರಿಂಗಿಗೇ ಎತ್ತಿದಳು.

"ಹೇಳೇ" ಅಂದಳು. "ಮನೇಲೇ ಇದೀನಿ."