ಬ್ರೇಕಿಲ್ಲದ ಗಾಡಿಗೆ ಚಕ್ರ ಕಟ್ಟುವ ಅಶ್ವತ್ಥನಾರಾಯಣ

ಅಕ್ಟೋಬರ್ ತಿಂಗಳ ಒಂದು ಭಾನುವಾರ, ಬೆಳಗಿನ ಏಳು ದಾಟಿದೆ. ಲಂಡನ್ನಿನ ಗ್ರೀನ್‌ಫರ್ಡ್‌ನ ಕಾಲುವೆಯ ಮೇಲೆ ಬೆಳಕು ಈಗಷ್ಟೇ ಹರಿಯುತ್ತಿದೆ. ಕಾಲುವೆಗೆ ಬೆನ್ನು ಮಾಡಿ ನಿಂತಿರುವ ಹಳೆಯ ಗೋದಾಮಿನ ಷಟರನ್ನು ಅರ್ಧಕ್ಕೆ ಎತ್ತಿ, ಅದರ ಕೆಳಗೆ ತೂರಿ ಒಳಗೆ ಹೋಗುವವರು ಅಶ್ವತ್ಥನಾರಾಯಣ. ವಯಸ್ಸು ಐವತ್ತೆರಡು. ಉಣ್ಣೆಯ ಟೋಪಿ, ಮಗಳು ಹಾಕಿ ಬಿಟ್ಟ ನೀಲಿ ಮಫ್ಲರು. ಕೋಟು ಬಿಚ್ಚುವ ಮೊದಲೇ ಜೇಬಿನಿಂದ ಪುಟ್ಟ ಸ್ಪ್ಯಾನರ್ ತೆಗೆದು, ಮೊದಲ ಮೋಟಾರ್‌ಸೈಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಾರೆ. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ತಟ್ಟುತ್ತಾರೆ. ಟಿಣ್, ಟಿಣ್, ಟಿಣ್.

"ಬಿಗಿಯಾಗಿದ್ರೆ ಹಿಂಗೆ ಟಿಣ್ ಅನ್ನುತ್ತೆ ಮೇಡಂ. ಸಡಿಲ ಆಗಿದ್ರೆ ತಗಡು ಬಡಿದ ಹಾಗೆ ಟಪ್ ಅನ್ನುತ್ತೆ. ಕಣ್ಣಿಗೆ ಕಾಣೋ ಮುಂಚೆ ಕಿವಿಗೆ ಗೊತ್ತಾಗುತ್ತೆ," ಎನ್ನುತ್ತಾರೆ. ಇಲ್ಲಿ ಮೂವತ್ತೊಂದು ಗಾಡಿಗಳಿವೆ, ಅಂದರೆ ಅರವತ್ತೆರಡು ಚಕ್ರ. ಭಾನುವಾರ ಹತ್ತು ಗಂಟೆಗೆ ಬಾಗಿಲು ತೆರೆಯುವ ಮೊದಲು ಅಷ್ಟನ್ನೂ ತಟ್ಟಿ ಮುಗಿಸುವುದು ಅವರ ನಿಯಮ. ಯಾರೂ ಹೇಳಿದ್ದಲ್ಲ, ತಾವೇ ಹಾಕಿಕೊಂಡದ್ದು.

ಇದು ಸ್ಪೀಡ್‌ವೇ ಮ್ಯೂಸಿಯಂ. ಸ್ಪೀಡ್‌ವೇ ಅಂದರೆ ಮೋಟಾರ್‌ಸೈಕಲ್ ಪಂದ್ಯ. ನಾಲ್ಕು ಸವಾರರು, ಕೆಂಪು ಪುಡಿಗಲ್ಲು ಹಾಸಿದ ಮೊಟ್ಟೆಯಾಕಾರದ ಮೈದಾನ, ನಾಲ್ಕೇ ಸುತ್ತು. ಒಂದು ನಿಮಿಷದ ಆಸುಪಾಸಿನಲ್ಲಿ ಆಟ ಮುಗಿಯುತ್ತದೆ. ಗಾಡಿಗೆ ಒಂದೇ ಗೇರು. ಬ್ರೇಕ್ ಇಲ್ಲವೇ ಇಲ್ಲ. ಎಡಗಾಲಿನ ಬೂಟಿಗೆ ಉಕ್ಕಿನ ಅಟ್ಟೆ ಕಟ್ಟಿಕೊಂಡು, ತಿರುವಿನಲ್ಲಿ ಅದನ್ನು ನೆಲಕ್ಕೆ ಊರಿ, ಗಾಡಿಯನ್ನು ಓರೆಯಾಗಿ ಜಾರಿಸುತ್ತಾ ಹೋಗಬೇಕು. ಒಂದು ಕಾಲಕ್ಕೆ ಲಂಡನ್ನಿನಲ್ಲಿ ಇದಕ್ಕೆ ಸಾವಿರಾರು ಜನ ಸೇರುತ್ತಿದ್ದರು. ಆ ನೆನಪನ್ನು ಉಳಿಸಿಕೊಳ್ಳಲು ನಾಲ್ಕಾರು ಹಳೆಯ ಅಭಿಮಾನಿಗಳು ಕಟ್ಟಿದ ಜಾಗ ಇದು. ಒಳ್ಳೆಯ ಭಾನುವಾರ ನೂರಿಪ್ಪತ್ತು ಜನ ಬರುತ್ತಾರೆ, ಹೆಚ್ಚಿನವರು ಮಕ್ಕಳ ಕೈಹಿಡಿದ ಸಂಸಾರಸ್ಥರು. ಹಾಗೆ ಬಂದವರಲ್ಲಿ ನಾವೂ ಒಬ್ಬರು. ಕಳೆದ ಬೇಸಿಗೆ ರಜೆಯಲ್ಲಿ ನನ್ನ ಒಂಬತ್ತು ವರ್ಷದ ಮಗಳು ಮಾನ್ಯಾ ಹಟ ಹಿಡಿದಳೆಂದು, ನಾವಿರುವ ಕೆಂಟನ್ನಿನಿಂದ ಹೊರಟು ಬಂದಿದ್ದೆವು. ಒಂದು ಗಾಡಿಯ ಹಿಂದಿನಿಂದ ಯಾರೋ "ಅಯ್ಯೋ, ಇದೆಲ್ಲಿ ಬಿದ್ದೋಯ್ತು" ಎಂದು ಕನ್ನಡದಲ್ಲಿ ಗೊಣಗಿದ್ದು ಕೇಳಿ, ಬಗ್ಗಿ ನೋಡಿದರೆ ಇವರು ಕಂಡರು.

ಒಳಗೆ ಕಾಲಿಟ್ಟರೆ ಮೂಗಿಗೆ ಬಡಿಯುವುದು ಹರಳೆಣ್ಣೆಯ ವಾಸನೆ. ಈ ಎಂಜಿನ್ನುಗಳಿಗೆ ಹಾಕುವ ಎಣ್ಣೆಯ ಮೂಲ ಹರಳೆಣ್ಣೆಯೇ. "ಇವರು ಕೆಲಸದಿಂದ ಮನೆಗೆ ಬಂದ್ರೆ ಬಾಣಂತಿ ಕೋಣೆಗೆ ಹೋದ ಹಾಗಿರುತ್ತೆ," ಎಂದು ಅವರ ಹೆಂಡತಿ ಕಾಮಾಕ್ಷಿ ನಗುತ್ತಾರೆ. ಕಾಮಾಕ್ಷಿ ಇಲ್ಲಿಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್, ಅದೂ ಮೂಳೆ ಮುರಿದವರ ವಾರ್ಡಿನಲ್ಲಿ.

ಅಶ್ವತ್ಥನಾರಾಯಣ ಮೈಸೂರಿನವರು. ಹತ್ತೊಂಬತ್ತನೇ ವಯಸ್ಸಿಗೆ ಯಾದವಗಿರಿಯ ಜಾವಾ ಕಾರ್ಖಾನೆಯ ಚಕ್ರ ಜೋಡಿಸುವ ವಿಭಾಗಕ್ಕೆ ಸೇರಿದರು. ಬರಿಯ ರಿಮ್ಮಿಗೆ, ನಡುವಿನ ಹಬ್ಬಿಗೆ ಮೂವತ್ತಾರು ಕಡ್ಡಿ ಪೋಣಿಸಿ, ಹದವಾಗಿ ಬಿಗಿದು, ಚಕ್ರ ಅಲ್ಲಾಡದೆ ಸುತ್ತುವಂತೆ ಬೆಂಡು ತೆಗೆಯುವುದು ಅವರ ಕೆಲಸ. ದಿನಕ್ಕೆ ನಲವತ್ತು ಚಕ್ರ. ಇಪ್ಪತ್ತೆರಡು ವರ್ಷ ಮಾಡಿದರು. "ಆಗ ಮೈಸೂರಲ್ಲಿ ರಸ್ತೆ ಬದಿ ನಿಂತ್ರೆ ಸಾಕು, ಹೋಗೋ ಗಾಡಿಲಿ ನಾಲ್ಕರಲ್ಲಿ ಒಂದು ಚಕ್ರ ನಂದೇ ಇರೋದು. ನಂದು ಅಂತ ನನಗೊಬ್ಬನಿಗೇ ಗೊತ್ತು, ಅಷ್ಟೆ."

ತೊಂಬತ್ತಾರರಲ್ಲಿ ಕಾರ್ಖಾನೆ ಮುಚ್ಚಿತು. ನಲವತ್ತೊಂದು ದಾಟಿದವರಿಗೆ ಹೊಸ ಕೆಲಸ ಕೊಡುವವರು ಯಾರು? ಬಂಧುಗಳೊಬ್ಬರ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಐದು ವರ್ಷ ಕೂತರು. ಅಷ್ಟರಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಿಗೆ ನರ್ಸುಗಳು ಬೇಕೆಂದು ಬೆಂಗಳೂರಿನಲ್ಲಿ ಸಂದರ್ಶನ ನಡೆಯಿತು. ಕಾಮಾಕ್ಷಿ ಆಯ್ಕೆಯಾದರು. ಎರಡು ಸಾವಿರದ ಒಂದರಲ್ಲಿ ಗಂಡ, ಹೆಂಡತಿ, ಎಂಟು ವರ್ಷದ ಮಗಳು ಸ್ಮೃತಿ ಲಂಡನ್ನಿಗೆ ಬಂದಿಳಿದರು. ಕೆಲಸ ಕೊಡಿಸುವ ಕಚೇರಿಯಲ್ಲಿ ಇವರು ಚಕ್ರ ಕಟ್ಟುವ ಕಸುಬನ್ನು ಕೈಸನ್ನೆ ಮಾಡಿ ವಿವರಿಸಿದರು. ಎದುರು ಕೂತಾಕೆ ತಾಳ್ಮೆಯಿಂದ ಕೇಳಿ, ಅರ್ಜಿಯಲ್ಲಿ 'ಕಸುಬು: ಇಲ್ಲ' ಎಂದು ಬರೆದುಕೊಂಡಳು. ಗ್ರೀನ್‌ಫರ್ಡ್‌ನ ಉಗ್ರಾಣವೊಂದರಲ್ಲಿ ಪೆಟ್ಟಿಗೆಗಳಿಗೆ ಟೇಪು ಅಂಟಿಸುವ ಕೆಲಸ ಸಿಕ್ಕಿತು. ಪಾಳಿಗೆ ನಾನೂರು ಪೆಟ್ಟಿಗೆ.

"ಬೇಜಾರು ಅಂತಲ್ಲ. ಅನ್ನ ಕೊಡೋ ಕೆಲಸ ಅದು. ಆದ್ರೆ ಕೈ ಮರೆತುಬಿಡುತ್ತೇನೋ ಅಂತ ಭಯ. ಬಸ್ಸಲ್ಲಿ ಕೂತಾಗ ಸುಮ್ನೆ ಬೆರಳು ತಿರುಗಿಸ್ತಾ ಇರ್ತಿದ್ದೆ. ಪಕ್ಕದವರು ಜಪ ಅಂದ್ಕೊಂಡಿರಬೇಕು."

ಆ ಕೈಗೆ ಕೆಲಸ ಮರಳಿದ್ದು ಒಂದು ರಜೆಯ ತಿರುಗಾಟದಲ್ಲಿ. ಎರಡು ಸಾವಿರದ ಮೂರರ ಆಗಸ್ಟ್. ಸ್ಮೃತಿಯ ಶಾಲೆಯಲ್ಲಿ ಮಕ್ಕಳಿಗೆಲ್ಲ ಈ ಮ್ಯೂಸಿಯಂಗೆ ಮನೆಮಂದಿಯ ಪಾಸು ಹಂಚಿದ್ದರು. ಕಾಮಾಕ್ಷಿಗೆ ಮೂರು ವಾರದ ನಂತರ ಸಿಕ್ಕ ಮೊದಲ ಪೂರ್ತಿ ರಜೆ. ಪುಳಿಯೋಗರೆ ಕಟ್ಟಿಕೊಂಡು ಹೊರಟರು. ಅಶ್ವತ್ಥನಾರಾಯಣರಿಗೆ ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದೂ ಸರಿಯಾಗಿ ಗೊತ್ತಿರಲಿಲ್ಲ.

ಒಳಗೆ ಐದನೆಯದೋ ಆರನೆಯದೋ ಗಾಡಿ. ಪೆಟ್ರೋಲ್ ಟ್ಯಾಂಕಿನ ಮೇಲೆ ಇಂಗ್ಲಿಷಿನ ನಾಲ್ಕಕ್ಷರದ ಹೆಸರು: ಜಾವಾ. ಮೈಸೂರಿನ ಕಾರ್ಖಾನೆಗೆ ಹೆಸರು ಕೊಟ್ಟ, ಚೆಕ್ ದೇಶದ ಮೂಲ ಕಂಪನಿಯ ಪಂದ್ಯದ ಗಾಡಿ ಅದು.

"ಕಾಮೂ, ನೋಡೇ ಇಲ್ಲಿ, ನಮ್ಮ ಗಾಡಿ!" ಎಂದು ಕೂಗಿದರಂತೆ.

"ಅಷ್ಟು ಜೋರಾಗಿ ಇವರು ಮಾತಾಡಿದ್ದು ನಮ್ಮ ಮದುವೆ ಆದ್ಮೇಲೆ ನಾನು ಕೇಳಿದ್ದೇ ಮೊದಲು," ಎನ್ನುತ್ತಾರೆ ಕಾಮಾಕ್ಷಿ. "ಆಮೇಲೆ ನೋಡ್ತೀನಿ, ಅಡ್ಡ ಕಟ್ಟಿದ್ದ ಹಗ್ಗ ದಾಟಿ ಒಳಗೇ ಹೋಗಿ ಕೂತುಬಿಟ್ಟಿದ್ದಾರೆ!"

ಉಗುರಿನಿಂದ ಕಡ್ಡಿ ತಟ್ಟತೊಡಗಿದ್ದರು. ಟಿಣ್, ಟಿಣ್, ಟಪ್. ಆಗ ಹತ್ತು ವರ್ಷದವಳಾಗಿದ್ದ ಸ್ಮೃತಿಗೆ ನೆಲ ಬಿರಿಯಬಾರದೇ ಎನಿಸಿತ್ತು. "ಡ್ಯಾಡ್, ಪ್ಲೀಸ್! ಎಲ್ಲಾರೂ ನೋಡ್ತಿದಾರೆ!" ಎಂದು ಅಂಗಿ ಹಿಡಿದೆಳೆದಳು. ಅಷ್ಟರಲ್ಲಿ ಆ ಕಡೆಯಿಂದ ಒಬ್ಬ ಬಿಳಿಗೂದಲಿನ ಕುಳ್ಳಗಿನ ಮನುಷ್ಯ ಕುಂಟುತ್ತಾ, ಕೂಗುತ್ತಾ ಓಡಿ ಬಂದ. ಅವರು ಸಿಡ್ ಪ್ಲಮ್ಲಿ, ಮ್ಯೂಸಿಯಂ ನೋಡಿಕೊಳ್ಳುವವರು, ಹಿಂದೆ ಸ್ವತಃ ಸವಾರರಾಗಿದ್ದವರು.

ಅಶ್ವತ್ಥನಾರಾಯಣ ಎದ್ದು ನಿಂತು, ಕೈಮುಗಿದು, ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದರು: "ಸಾರಿ ಸರ್. ದಿಸ್ ವ್ಹೀಲ್ ನಾಟ್ ಹ್ಯಾಪಿ."

ಸಿಡ್ ಚಕ್ರದ ಕಡೆ ಬಗ್ಗಿದರು. ಮತ್ತೆ ತಟ್ಟಲು ಹೇಳಿದರು. ಕಿವಿಗೊಟ್ಟು ಕೇಳಿದರು. ಒಳಗೆ ಹೋಗಿ, ಕಡ್ಡಿ ಬಿಗಿಯುವ ಪುಟ್ಟ ಕೀಲಿಯನ್ನು ತಂದು ಇವರ ಅಂಗೈಯಲ್ಲಿ ಇಟ್ಟರು.

ಆ ದಿನ ಕಾಮಾಕ್ಷಿ ಮತ್ತು ಸ್ಮೃತಿ ಹೊರಗಿನ ಬೆಂಚಿನ ಮೇಲೆ ಕೂತು ಪುಳಿಯೋಗರೆ ತಿಂದರು. ಕಾಲುವೆಯ ಬಾತುಕೋಳಿ ನೋಡಿದರು. ಐಸ್‌ಕ್ರೀಂ ತಿಂದರು. ಮತ್ತೆ ಒಳಗೆ ಬಂದು ಸವಾರರ ಚರ್ಮದ ದಿರಿಸು, ಗೆದ್ದ ಬಟ್ಟಲು, ಬೂಟು ಎಲ್ಲ ಎರಡೆರಡು ಸಲ ನೋಡಿದರು. ಅಷ್ಟು ಹೊತ್ತೂ ಅಶ್ವತ್ಥನಾರಾಯಣ ನೆಲದ ಮೇಲೆ ಚಕ್ರ ಹಿಡಿದು ಕೂತಿದ್ದರು. ಬಾಗಿಲು ಮುಚ್ಚುವ ವೇಳೆಗೆ ಎದ್ದು ಬಂದಾಗ ಅವರ ಕೈಯೆಲ್ಲ ಕಪ್ಪು. "ಬೈಯೋಣ ಅಂತ ಬಾಯಿ ತೆಗೆದೆ. ಮುಖ ನೋಡಿ ಸುಮ್ನಾದೆ," ಎನ್ನುತ್ತಾರೆ ಕಾಮಾಕ್ಷಿ.

ಮೊದಲ ವರ್ಷ ಅವರು ಬಿಡುವಿದ್ದಾಗ ಬಂದು ಹೋಗುತ್ತಿದ್ದರು. ಆಮೇಲೆ ಮ್ಯೂಸಿಯಂನವರೇ ಅವರನ್ನು ಕೆಲಸಕ್ಕೆ ತೆಗೆದುಕೊಂಡರು. ಭಾನುವಾರ ಪೂರ್ತಿ, ವಾರದಲ್ಲಿ ಮೂರು ಬೆಳಗ್ಗೆ. ಮಧ್ಯಾಹ್ನ ಎರಡರಿಂದ ಉಗ್ರಾಣದ ಪಾಳಿ ಈಗಲೂ ಇದೆ. ನಾಲ್ಕು ವರ್ಷದಲ್ಲಿ ಐವತ್ತೆಂಟು ಚಕ್ರಗಳನ್ನು ಬಿಚ್ಚಿ ಹೊಸದಾಗಿ ಕಟ್ಟಿದ್ದಾರೆ. ಗಾಡಿಗಳ ಮುಂದಿನ ಫಲಕಗಳಲ್ಲಿ ಸವಾರನ ಹೆಸರಿದೆ, ಗೆದ್ದ ವರ್ಷವಿದೆ. ಚಕ್ರ ಕಟ್ಟಿದವರ ಹೆಸರು ಎಲ್ಲೂ ಇಲ್ಲ. ಹಾಕಿಸಬಾರದೇ ಎಂದರೆ, "ಅದೆಲ್ಲ ಯಾಕೆ? ಓದೋಕೆ ಬಂದವರಲ್ಲ ಜನ, ಗಾಡಿ ನೋಡೋಕೆ ಬಂದವರು," ಎಂದು ತಳ್ಳಿಹಾಕುತ್ತಾರೆ.

ಮಾನ್ಯಾಳ ಜೊತೆ ನಾನು ಬಂದಿರುವ ಈ ಭಾನುವಾರ ಮಾತ್ರ ಅವರ ಬಾಯಿಂದ ಹೆಚ್ಚು ಮಾತು ಹೊರಡುತ್ತಿಲ್ಲ. ಕಾರಣವಿದೆ. ಸಿಡ್ ತಮ್ಮ ಕೊನೆಯ ಪಂದ್ಯದಲ್ಲಿ ಓಡಿಸಿದ್ದು, ಅಂದು ಇವರು ಹಗ್ಗ ದಾಟಿ ತಟ್ಟಿದ ಅದೇ ಜಾವಾ. ಎಪ್ಪತ್ತೇಳನೇ ಇಸವಿಯಲ್ಲಿ ಬೇಲಿಗೆ ಬಡಿದು, ಹಿಂದಿನ ಚಕ್ರ ನುಜ್ಜುಗುಜ್ಜಾಗಿ, ಅವರ ಕಾಲೂ ಮುರಿದಿತ್ತು. ಇಲ್ಲಿಯವರೆಗೆ ಗಾಡಿ ನಿಂತಿದ್ದದ್ದು ಇನ್ಯಾವುದೋ ಗಾಡಿಯಿಂದ ತಂದ ಚಕ್ರದ ಮೇಲೆ. ಈ ವರ್ಷ ಮೇ ತಿಂಗಳಲ್ಲಿ, ಮುರಿದ ಚಕ್ರದಲ್ಲಿ ಉಳಿದಿದ್ದ ಹಳೆಯ ಹಬ್ಬನ್ನು ತಂದು ಮುಂದಿಟ್ಟು ಸಿಡ್ ಕೇಳಿದರು: ಮೂವತ್ತು ವರ್ಷವಾಯಿತು, ಇದಕ್ಕೆ ಚಕ್ರ ಕಟ್ಟಿಕೊಡುತ್ತೀಯಾ, ಒಂದು ಸಲ ಓಡಿಸುತ್ತೇನೆ. ಸಿಡ್‌ಗೆ ಈಗ ಅರವತ್ತೊಂಬತ್ತು.

ಅಶ್ವತ್ಥನಾರಾಯಣ ಕಟ್ಟಿದರು. ಸಿಡ್ ನೋಡಿ ಚೆನ್ನಾಗಿದೆ ಎಂದರು. ಇವರು ಒಪ್ಪಲಿಲ್ಲ, ಬಿಚ್ಚಿದರು. ಮತ್ತೆ ಕಟ್ಟಿದರು, ಮತ್ತೆ ಬಿಚ್ಚಿದರು. ಮೂರನೆಯ ಸಲ ಮುಗಿದದ್ದು ಸೆಪ್ಟೆಂಬರಿನಲ್ಲಿ. ಓಡಿಸುವ ದಿನ ಇವತ್ತು. "ಅಲಂಕಾರಕ್ಕೆ ನಿಲ್ಲಿಸೋದಾದ್ರೆ ಮೊದಲನೇದೇ ಸಾಕಿತ್ತು. ಇದು ಓಡೋ ಗಾಡಿ. ಬ್ರೇಕಿಲ್ಲ. ಮೇಲೆ ಮನುಷ್ಯ ಕೂತಿರ್ತಾನೆ," ಎನ್ನುತ್ತಾರೆ.

ಹನ್ನೆರಡು ಗಂಟೆಗೆ ಗೋದಾಮಿನ ಹಿಂದಿನ ಬಯಲು ತುಂಬಿದೆ. ಲಾರಿ ನಿಲ್ಲುತ್ತಿದ್ದ ಜಾಗಕ್ಕೆ ಕೆಂಪು ಪುಡಿಗಲ್ಲು ಹಾಸಿ ಚಿಕ್ಕ ಸುತ್ತೊಂದನ್ನು ಮಾಡಿದ್ದಾರೆ. ತಳ್ಳುಗಾಡಿಯಲ್ಲಿ ಕೂಸು, ಹೆಗಲ ಮೇಲೆ ಮಗು, ಬುಟ್ಟಿಯಲ್ಲಿ ಸ್ಯಾಂಡ್‌ವಿಚ್ಚು. ಬೇಲಿಯ ಪಕ್ಕ ಕಾಮಾಕ್ಷಿ ಎರಡೂ ಕೈ ಕಟ್ಟಿ ನಿಂತಿದ್ದಾರೆ. "ರೀ, ನೋಡಿ, ನಾಳೆ ನನಗೆ ಬೆಳಗಿನ ಡ್ಯೂಟಿ. ಆ ಮುದುಕರನ್ನ ನಮ್ಮ ವಾರ್ಡಲ್ಲಿ ನೋಡೋ ಹಾಗೆ ಮಾಡಬೇಡಿ," ಎಂದು ಗಂಡನಿಗೆ ಕೂಗಿ ಹೇಳುತ್ತಾರೆ. ಸುತ್ತ ನಿಂತ ಇಂಗ್ಲಿಷರಿಗೆ ಅರ್ಥವಾಗದಿದ್ದರೂ ಧಾಟಿ ಅರ್ಥವಾಗಿ ನಗುತ್ತಾರೆ. ಅಶ್ವತ್ಥನಾರಾಯಣ ನಗುವುದಿಲ್ಲ.

ಸಿಡ್ ಹಳೆಯ ಚರ್ಮದ ದಿರಿಸಿನಲ್ಲಿ ಬಂದು ಗಾಡಿ ಹತ್ತುತ್ತಾರೆ. ಈ ಗಾಡಿಗಳಿಗೆ ಕಿಕ್ಕರ್ ಇಲ್ಲ, ಹಿಂದಿನಿಂದ ತಳ್ಳಬೇಕು. ತಳ್ಳುವವರು ಇವರೇ. ಮೊದಲ ಸಲ ಎಂಜಿನ್ ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಜನರಲ್ಲಿ ಗುಸುಗುಸು. ಎರಡನೆಯ ಸಲ ಟೋಪಿ ಕಿತ್ತೆಸೆದು, ಹೆಗಲು ಕೊಟ್ಟು, ಓಡುತ್ತಾ ತಳ್ಳುತ್ತಾರೆ. ಎದೆ ನಡುಗುವಂಥ ಸದ್ದಿನೊಂದಿಗೆ ಗಾಡಿ ಚಿಮ್ಮುತ್ತದೆ. ಮಾನ್ಯಾ ಕಿವಿ ಮುಚ್ಚಿಕೊಂಡು ಕುಣಿಯುತ್ತಾಳೆ. ಮೊದಲ ತಿರುವಿನಲ್ಲಿ ಸಿಡ್ ಎಡಗಾಲು ಊರುತ್ತಾರೆ, ಗಾಡಿ ಓರೆಯಾಗುತ್ತದೆ, ಕೆಂಪು ಪುಡಿ ಬೇಲಿಯಾಚೆಗೆ ಹಾರಿ ನಮ್ಮೆಲ್ಲರ ಮೈಮೇಲೆ ಬೀಳುತ್ತದೆ. ನಾವೆಲ್ಲ ಸಿಡ್‌ರನ್ನು ನೋಡುತ್ತಿದ್ದೇವೆ. ಅಶ್ವತ್ಥನಾರಾಯಣ ಮಾತ್ರ ನೆಲದ ಮಟ್ಟಕ್ಕೆ ಬಗ್ಗಿ ಆ ಹಿಂದಿನ ಚಕ್ರವನ್ನೇ ನೋಡುತ್ತಿದ್ದಾರೆ.

ಎರಡು ಸುತ್ತು ಎಂದು ಮಾತಾಗಿತ್ತು. ಸಿಡ್ ನಾಲ್ಕು ಸುತ್ತಿದರು.

"ಎಣಿಕೆ ತಪ್ಪಿತು," ಎಂದು ಕನ್ನಡಕದ ಮೇಲಿನ ಕೆಂಪು ಧೂಳು ಒರೆಸುತ್ತಾ ಕಣ್ಣು ಮಿಟುಕಿಸುತ್ತಾರೆ ಆ ಹಿರಿಯರು. ಜನ ಕೇಕೆ ಹಾಕುತ್ತಿದ್ದಾರೆ. ಕಾಮಾಕ್ಷಿ ಕಟ್ಟಿದ ಕೈ ಬಿಚ್ಚಿ ಚಪ್ಪಾಳೆ ತಟ್ಟುತ್ತಿದ್ದಾರೆ. ಈಗ ಹದಿನಾಲ್ಕರ ಸ್ಮೃತಿ ಪಕ್ಕದ ಗೆಳತಿಯರಿಗೆ "ದಟ್ಸ್ ಮೈ ಡ್ಯಾಡ್ಸ್ ವ್ಹೀಲ್" ಎಂದು ಮೂರನೆಯ ಸಲ ಹೇಳುತ್ತಿದ್ದಾಳೆ. ಇತ್ತ ಅವಳ ತಂದೆ ಬಿಸಿ ಆರದ ಗಾಡಿಯ ಪಕ್ಕ ಕೂತು ಮೂವತ್ತಾರೂ ಕಡ್ಡಿ ತಟ್ಟಿ, ನನ್ನ ಕಡೆ ತಿರುಗಿ, "ಒಂದೂ ಸಡಿಲ ಆಗಿಲ್ಲ," ಎನ್ನುತ್ತಾರೆ. ಆಗ ಮುಖದಲ್ಲಿ ನಗು ಕಾಣುತ್ತದೆ.

ಗಲಾಟೆ ಇಳಿದ ಮೇಲೆ ಅವರು ಕಾಲುವೆಯ ಕಡೆಗೆ ಹೋಗಿ ಮೊಬೈಲಿನಲ್ಲಿ ಕಾಲಿಂಗ್ ಕಾರ್ಡಿನ ಉದ್ದನೆಯ ನಂಬರು ಒತ್ತುತ್ತಾರೆ. ಮೈಸೂರಿನಲ್ಲಿ ಆಗ ಸಂಜೆ. ಆ ಕಡೆ ಇರುವವರು ನಿಜಲಿಂಗಪ್ಪ. ಕಾರ್ಖಾನೆಯಲ್ಲಿ ಇವರ ಕೈಹಿಡಿದು ಚಕ್ರ ಕಟ್ಟಲು ಕಲಿಸಿದ ಮೇಸ್ತ್ರಿ, ಈಗ ಎಪ್ಪತ್ತು ವರ್ಷ. ನಿಂತುಕೊಂಡೇ, ಟೋಪಿ ಕೈಯಲ್ಲಿ ಹಿಡಿದು ಮಾತಾಡುತ್ತಾರೆ. "ಹೌದು ಅಣ್ಣಾ, ಓಡ್ತು... ನಾಲ್ಕು ಸುತ್ತು... ಇಲ್ಲ, ಕಡ್ಡಿ ನಾನೇ ಕತ್ತರಿಸಿದ್ದು... ಅಲ್ಲಾಟ ಅರ್ಧ ಮಿಲಿಮೀಟರೊಳಗೇ ಇದೆ ಅಣ್ಣಾ, ಓಡಿದ ಮೇಲೂ ನೋಡ್ದೆ." ಆ ಕಡೆಯಿಂದ ಏನೋ ಒಂದು ಮಾತು. ಇವರು ಫೋನನ್ನು ಜೇಬಿಗಿಟ್ಟು, ನೀರನ್ನು ನೋಡುತ್ತಾ ನಿಲ್ಲುತ್ತಾರೆ.

ಏನಂದರು ಎಂದು ಕೇಳಿದೆ.

"'ಪರವಾಗಿಲ್ಲ' ಅಂದ್ರು ಮೇಡಂ," ಎಂದರು ಅಶ್ವತ್ಥನಾರಾಯಣ. "ಇಪ್ಪತ್ತೆರಡು ವರ್ಷ ಅವರ ಕೈಕೆಳಗೆ ಇದ್ದೆ. ಅವರು ಒಬ್ಬರನ್ನೂ ಇಷ್ಟು ಹೊಗಳಿದ್ದು ನಾ ಕೇಳಿಲ್ಲ."