ರಾಗಿ ಪೈರಿನಲ್ಲಿ ಮೈಸೂರು ದಂಡು

ನಮ್ಮ ಮನೆಯಲ್ಲಿ ಎರಡು ಸೈನ್ಯಗಳಿವೆ. ಒಂದು ಮೈಸೂರಿನದು, ಇನ್ನೊಂದು ಕಂಪನಿ ಸರ್ಕಾರದ್ದು. ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯಲ್ಲಿ ಹೊಡೆದಾಡಿದವರು ಈಗ ಕಿರುಬೆರಳಿನ ಅರ್ಧದಷ್ಟು ಎತ್ತರವಾಗಿ ಗಾಜಿನ ಬೀರುವಿನಲ್ಲಿ ನಿಂತಿದ್ದಾರೆ. ಈ ಹುಚ್ಚು ಹಚ್ಚಿಸಿಕೊಂಡು ಬಂದವನು ನನ್ನ ಮೈದುನ. ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಅವನ ಗೆಳೆಯ ಸಿಪಾಯಿಗಳನ್ನು ಮೆಷಿನ್ನಿನಲ್ಲಿ ಅಚ್ಚು ತೆಗೆದುಕೊಡುತ್ತಾನೆ. ಬಣ್ಣ ಹಚ್ಚುವವಳು ನಾನು.

ಮೊದಲ ಹತ್ತು ಸಿಪಾಯಿಗಳಿಗೆ ಮೈದುನನೇ ಹಚ್ಚಿದ್ದ. ಕುಂಕುಮದ ಭರಣಿಯಲ್ಲಿ ಬಿದ್ದೆದ್ದವರ ಹಾಗಿದ್ದರು, ಕಣ್ಣು ಯಾವುದು ಮೀಸೆ ಯಾವುದು ತಿಳಿಯುತ್ತಿರಲಿಲ್ಲ. ನಮ್ಮದು ಮಗ್ಗದ ಮನೆ. ಸೀರೆಯ ಒಡಲಿಗೆ ಯಾವ ಬಣ್ಣ, ಅಂಚಿಗೆ ಯಾವ ಬಣ್ಣ ಅಂತ ಇಪ್ಪತ್ತು ವರ್ಷದಿಂದ ಆರಿಸುತ್ತಿರುವವಳು ನಾನು. ಕಣ್ಣಾರೆ ನೋಡಿ ಸುಮ್ಮನಿರಲಾಗದೆ ಬ್ರಷ್ ಕಿತ್ತುಕೊಂಡೆ. ಒಣಗಿದ ಬಣ್ಣದ ಮೇಲೆ ತೆಳ್ಳಗೆ ಕಪ್ಪು ನೀರು ಹರಿಸಿದರೆ ಅಂಗಿಯ ಮಡಿಕೆಗಳು ತಾವಾಗಿ ಎದ್ದು ಬರುತ್ತವೆ. ಮೊದಲ ಸಲ ಅದನ್ನು ಕಂಡಾಗ ಅಡುಗೆಮನೆಯಲ್ಲಿ ಹಾಲು ಉಕ್ಕಿ ಹೋದದ್ದೂ ಗೊತ್ತಾಗಲಿಲ್ಲ. ಮೈಸೂರಿನ ಹುಲಿಪಟ್ಟೆ ಅಂಗಿಯವರು ಹನ್ನೆರಡು ಮಂದಿ. ಅವರ ನೇರಳೆ ಬಣ್ಣಕ್ಕೆ ಎರಡು ತಿಂಗಳು ಹಿಡಿಯಿತು. ಒಂದೊಂದು ಪಟ್ಟೆಗೂ ಉಸಿರು ಬಿಗಿಹಿಡಿದಿದ್ದೇನೆ.

ಆದರೆ ಆಟ ಮಾತ್ರ ಗಂಡಸರದು. ಭಾನುವಾರ ಮಗ್ಗ ನಿಂತ ಮೇಲೆ ಮೈದುನನೂ ಗೆಳೆಯನೂ ಮಹಡಿಯಲ್ಲಿ ಮೇಜು ಹಾಕಿ, ಸ್ಕೇಲು ಹಿಡಿದು ಇಂಚು ಅಳೆದು, ದಾಳ ಎಸೆದು ಕಿರುಚಾಡುತ್ತಿದ್ದರು. ಒಮ್ಮೆ ಕಾಫಿ ಕೊಡಲು ಹೋದವಳು, “ಆ ಕುದುರೆಗಳನ್ನ ಗುಡ್ಡ ಸುತ್ತಿ ಕಳಿಸಬಾರದಾ?” ಅಂತ ಕೇಳಿದೆ. ಇಬ್ಬರೂ ನಕ್ಕರು.

“ಅತ್ತಿಗೆ, ಇದೆಲ್ಲ ನಿಮಗೆ ಬೋರು. ನೀವು ಬಣ್ಣ ಹಚ್ಕೊಡಿ, ಸಾಕು,” ಅಂದ ಮೈದುನ.

ಮೈ ಉರಿದುಹೋಯಿತು. ಊಟಕ್ಕೆ ಮರೆಯಬೇಡಿ, ಕೆಲಸಕ್ಕೆ ಕರೆಯಬೇಡಿ ಅನ್ನುವ ಸೋಮಾರಿಗಳನ್ನು ಕಂಡಿದ್ದೇನೆ. ನನ್ನ ಪಾಡು ತಿರುಗಾಮುರುಗ. ಕೆಲಸಕ್ಕೆ ಕರೆದು ಊಟಕ್ಕೆ ಮರೆತುಬಿಟ್ಟಿದ್ದರು. ನನಗೂ ದಂಡು ನಡೆಸಬೇಕಿತ್ತು. ಬಾಯಿಬಿಟ್ಟು ಕೇಳಲು ಮಾತ್ರ ಬಿಗುಮಾನ.

ಅಷ್ಟರಲ್ಲಿ ದಸರಾ ಬಂತು. ಮೆಟ್ಟಿಲ ಮೇಲೆ ಪಟ್ಟದ ಬೊಂಬೆ ಕೂರಿಸಿ, ಕೆಳಗೆ ನೆಲದ ಮೇಲೆ ಪಾರ್ಕು ಮಾಡುವುದು ನಮ್ಮಲ್ಲಿ ರೂಢಿ. ತಟ್ಟೆಯಲ್ಲಿ ಮೊಳಕೆ ಬರಿಸಿದ ರಾಗಿ ಪೈರು, ಕನ್ನಡಿಯ ಕೆರೆ, ಮರಳಿನ ದಾರಿ. ಆ ವರ್ಷ ರಟ್ಟಿನಲ್ಲಿ ದೇವನಹಳ್ಳಿ ಕೋಟೆಯಂಥದ್ದೊಂದು ಕೋಟೆ ಕಟ್ಟಿ, ಬೀರು ಖಾಲಿ ಮಾಡಿ ಎರಡೂ ಸೈನ್ಯ ಅಲ್ಲೇ ನಿಲ್ಲಿಸಿಬಿಟ್ಟೆ. ನಾನೇನೂ ಅಮಾಯಕಳಲ್ಲ. ಹಬ್ಬದ ನಡುವಿನ ಭಾನುವಾರ ಅವರಿಬ್ಬರ ದೊಡ್ಡ ಆಟ ಇದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಶನಿವಾರ ಮೈದುನ ಡಬ್ಬ ಹಿಡಿದು ಬಂದ. “ಅತ್ತಿಗೆ, ನಾಳೆ ಆಟ ಇದೆ. ಸಿಪಾಯಿಗಳನ್ನ ಮೇಲಕ್ಕೆ ತಗೊಂಡು ಹೋಗ್ತೀನಿ.”

“ಹಬ್ಬಕ್ಕೆ ಕೂರಿಸಿದ ಬೊಂಬೆನ ದಶಮಿವರೆಗೂ ತೆಗೆಯೋ ಹಾಗಿಲ್ಲ ಕಣಪ್ಪಾ.”

ಅಣ್ಣನ ಹತ್ತಿರ ದೂರು ಒಯ್ದ. ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತದೆ, “ಬೊಂಬೆ ವಿಷಯಕ್ಕೆ ನನ್ನ ಎಳೀಬೇಡ,” ಅಂದರು. ಮೈದುನ ಪೆಚ್ಚುಮೋರೆ ಹಾಕಿಕೊಂಡು ವಾಪಸ್ಸು ಬಂದಾಗ ನಾನೇ ದಾರಿ ತೋರಿಸಿದೆ. ಪಾರ್ಕಿನೊಳಗೆ ದಿನಕ್ಕೊಂದು ಕಥೆ ಆಡಿಸುವುದು ಇದ್ದದ್ದೇ. ಯುದ್ಧ ಅಲ್ಲೇ ಆಗಲಿ. ಆದರೆ ಮೈಸೂರು ದಂಡು ನನ್ನದು.

“ನಿಮಗೆ ನಿಯಮ ಗೊತ್ತಾ ಅತ್ತಿಗೆ?”

“ಮೂರು ವರ್ಷದಿಂದ ಕಾಫಿ ತರ್ತಾ ಇದೀನಿ. ಬರೀ ಕಾಫಿ ಕೊಟ್ಟು ಹೋದೆ ಅಂದ್ಕೊಂಡ್ರಾ?”

ಭಾನುವಾರ ನಾಲ್ಕು ಗಂಟೆಗೆ ಶುರು. ಎದುರು ಕಂಪನಿ ದಂಡಿನ ಜೊತೆ ಗೆಳೆಯ, ತೀರ್ಪು ಹೇಳಲು ಮೈದುನ. ಎಂಟನೇ ಸುತ್ತು ಮುಗಿಯುವಾಗ ಕೋಟೆ ಬಾಗಿಲು ಯಾರ ಕೈಯಲ್ಲಿದೆಯೋ ಅವರು ಗೆದ್ದ ಹಾಗೆ. ರಾಕೆಟ್ಟಿನವರನ್ನು ರಾಗಿ ಪೈರಿನೊಳಗೆ ಅಡಗಿಸಿದ್ದೆ. ಪೈರು ಅವರ ತಲೆಯ ಮೇಲಕ್ಕೆ ಬೆಳೆದಿತ್ತು, ಅದನ್ನು ಅಡಗುವ ಕಾಡು ಅಂತಲೇ ಮೈದುನ ಒಪ್ಪಿದ್ದ. ಮೊದಲ ರಾಕೆಟ್ಟು ದಿಕ್ಕು ತಪ್ಪಿ ಕನ್ನಡಿ ಕೆರೆಗೆ ಬಿತ್ತು. ಎರಡನೆಯದು ನೆಟ್ಟಗೆ ಕಂಪನಿಯ ಕೆಂಪಂಗಿಯವರ ನಡುವೆ! ಕುಂಕುಮಕ್ಕೆ ಬಂದಿದ್ದ ಪಕ್ಕದ ಮನೆಯಾಕೆ ನನಗಿಂತ ಜೋರಾಗಿ ಕೂಗಿದರು. ಆಮೇಲೆ ಬಂದವರೂ ಆರತಿ ಮರೆತು ಸುತ್ತ ಕೂತರು. “ಆ ಕಡೆ ಕುದುರೆ ಬರ್ತಾ ಇದೆ ನೋಡ್ರೀ!” ಅಂತ ನನಗೇ ಎಚ್ಚರಿಕೆ ಬೇರೆ.

ಆದರೂ ಸೋಲುತ್ತಿದ್ದೆ. ಆರನೇ ಸುತ್ತಿಗೆ ಬಾಗಿಲು ಕಂಪನಿಯವರ ಪಾಲಾಯಿತು. ಕಾರಣ ನನಗೇ ಗೊತ್ತಿತ್ತು. ಹುಲಿಪಟ್ಟೆಯ ಹನ್ನೆರಡು ಜನರನ್ನು ಕೋಟೆಯ ಹಿಂದಿನ ಮೂಲೆಯಿಂದ ನಾನು ಅಲುಗಿಸಿರಲಿಲ್ಲ. ಏಟು ತಿಂದ ಸಿಪಾಯಿಯನ್ನು ಎತ್ತಿ ಪಕ್ಕಕ್ಕೆ ಮಲಗಿಸಬೇಕು. ಆ ನೇರಳೆಯವರನ್ನು ಮಲಗಿಸಲು ಕೈ ಬರುತ್ತಿರಲಿಲ್ಲ. ಮದುವೆ ಸೀರೆಯನ್ನು ಬೀರುವಿನಲ್ಲೇ ಇಟ್ಟು ಹಾಳುಮಾಡುವವರನ್ನು ಬೈಯುವ ನಾನು, ಇಲ್ಲಿ ಅದನ್ನೇ ಮಾಡುತ್ತಿದ್ದೆ. ದಂಡು ನಡೆಸಬೇಕು ಅಂತ ಹಟ ಹಿಡಿದವಳು ಈಗಲೂ ಬಣ್ಣವನ್ನೇ ಕಾಯುತ್ತಾ ಕೂತಿದ್ದೇನಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು.

ಏಳನೇ ಸುತ್ತಿಗೆ ಹನ್ನೆರಡೂ ಜನರನ್ನು ಬಯಲಿಗೆ ತಂದೆ. ಮೈದುನ ತೀರ್ಪುಗಾರಿಕೆ ಮರೆತು, “ಅತ್ತಿಗೆ, ಬೇಡ, ಸತ್ತುಹೋಗ್ತಾರೆ,” ಅಂದ. ಗೆಳೆಯನ ತೋಪು ಹಾರಿತು. ಐದು ಮಂದಿಯನ್ನು ನನ್ನ ಕೈಯಾರೆ ಮಲಗಿಸಿದೆ. ಉಳಿದದ್ದು ಏಳು, ಒಂದು ಸುತ್ತು, ಬಾಗಿಲಿಗೆ ಆರಿಂಚು. ಕಾಲಾಳು ನಡೆಯುವುದೂ ಆರೇ ಇಂಚು.

“ಮುಟ್ಟಲ್ಲ ಅಕ್ಕಾ, ಆರೂಕಾಲಿದೆ!” ಗೆಳೆಯ ಮಂಡಿಯೂರಿ ಸ್ಕೇಲಿಟ್ಟ.

“ಪಾದದ ಕೆಳಗಿನ ಹಲಗೆಯ ಮುಂದಿನ ಅಂಚಿಂದ ಅಳೀರಿ. ಮೂರು ವರ್ಷದಿಂದ ಹಾಗೇ ಅಳೀತಿದ್ರಿ ತಾನೆ?”

ಮೈದುನ ಎರಡು ಸಲ ಅಳೆದ. ಮುಟ್ಟುತ್ತೆ ಅಂದ. ಏಳು ದಾಳ ಕೈಗೆ ತೆಗೆದುಕೊಂಡೆ. ಐದೋ ಆರೋ ಬಿದ್ದ ಪ್ರತಿ ದಾಳಕ್ಕೂ ಒಬ್ಬ ವೈರಿ, ಬಾಗಿಲಲ್ಲಿದ್ದವರು ನಾಲ್ವರು. ಎಸೆದೆ. ಆರು, ಐದು, ಎರಡು, ಆರು, ಒಂದು, ಮೂರು. ಕೊನೆಯ ದಾಳ ಪಟ್ಟದ ರಾಣಿಯ ಮೆಟ್ಟಿಲಿಗೆ ಬಡಿದು, ಹಿಂದಕ್ಕೆ ಉರುಳಿ ಐದಕ್ಕೆ ನಿಂತಿತು. ಹೆಂಗಸರೆಲ್ಲ ಹೋ ಅಂದರು. ನಾನು ಕುಣಿದೇ ಬಿಟ್ಟೆ, ಐವತ್ತರ ಹೊಸ್ತಿಲಲ್ಲಿ!

ಗೆಳೆಯನ ಮುಖ ಕೆಂಪಾಗಿತ್ತು. “ರಾಗಿನ ಕಾಡು ಅಂತ ಯಾಕ್ಲಾ ಲೆಕ್ಕಕ್ಕೆ ತಗೊಂಡೆ? ಅದು ಹೊಲ,” ಅಂತ ಮೈದುನನ ಮೇಲೆ ಎಗರಿದ. ಆಮೇಲೆ ನನ್ನ ಕಡೆ ತಿರುಗಿ, “ನೀವೂ ಅಷ್ಟೇ ಅಕ್ಕಾ, ಹುಲಿಪಟ್ಟೆಯವರನ್ನ ಬೇಕಂತಲೇ ಬಚ್ಚಿಟ್ಟು ಆಟ ಕಟ್ಟಿದ್ರಿ,” ಅಂದ. ಅದು ತಂತ್ರವಲ್ಲ, ಹೇಡಿತನ ಅಂತ ನಾನು ಹೇಳಲಿಲ್ಲ. ಕೋಸಂಬರಿ ಕೊಟ್ಟರೆ ಬೇಡ ಅಂದು, ಬರ್ತೀನಿ ಅಂತಲೂ ಅನ್ನದೆ ಬೈಕು ಹತ್ತಿ ಹೊರಟುಹೋದ.

“ಅವನು ಸೋತಾಗ ಹಂಗೇ ಅತ್ತಿಗೆ. ನನ್ನ ಮೇಲೂ ವಾರಗಟ್ಟಲೆ ಮುನಿಸ್ಕೊಂಡಿರ್ತಾನೆ,” ಅಂದ ಮೈದುನ.

ಗೇಟಿನ ಹತ್ತಿರ ನಿಂತು ಬೈಕಿನ ಸದ್ದು ಕರಗುವವರೆಗೂ ಕೇಳಿದೆ. ಮೂರು ವರ್ಷ ನನ್ನ ಬಣ್ಣವನ್ನು ಬಾಯ್ತುಂಬ ಹೊಗಳಿದ್ದ ಹುಡುಗ. ಬಣ್ಣ ಹಚ್ಚಿಕೊಡುವವಳ ಮೇಲೆ ಯಾರೂ ಹಾಗೆ ಮುನಿಸಿಕೊಳ್ಳುವುದಿಲ್ಲ. ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು.